ಕಾಲಕ್ಕನ ಮೊದಲ ತುತ್ತು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕಾಲಕ್ಕ ಎಂದೇ ಕರೆಯುತ್ತಿದ್ದರು. ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುವ ಕೆಲಸ ಅವಳದು. ಯಾರೋ ತಮಾಷೆಗೆ ಇಟ್ಟ ಹೆಸರಾದರೂ ಅವಳಿಗೆ ಅದರಲ್ಲಿ ಹೆಮ್ಮೆಯೇ ಇತ್ತು. ಕೊರಗು ಇದ್ದದ್ದು ಬೇರೆ. ಮೊಂಡುಗಾಲು ಕೂರುವ ಬಟ್ಟಲು ಅವಳ ಕೈಯಲ್ಲಿ ಹದವಾಗಿ ಬರುತ್ತಿರಲಿಲ್ಲ. ಹಾಕಿಕೊಂಡವರು ನಾಲ್ಕು ದಿನ ನಡೆದು, ಹುಣ್ಣು ಮಾಡಿಕೊಂಡು, ಕಾಲನ್ನು ಅಟ್ಟಕ್ಕೆಸೆದು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ಅದಕ್ಕೇ ಹೊರದೇಶದ ತರಬೇತಿಗೆ ಹೋಗುತ್ತೀಯಾ ಎಂದು ಆಸ್ಪತ್ರೆಯವರು ಕೇಳಿದಾಗ, ಜನ್ಮದಲ್ಲಿ ವಿಮಾನ ಹತ್ತದವಳು ಹೂಂ ಎಂದುಬಿಟ್ಟಳು.

"ಅಲ್ಲಿ ಏನ್ ತಿಂತೀಯೋ ಏನ್ ಕಥೆಯೋ," ಎಂದಿದ್ದರು ಅತ್ತೆ. "ಏನೇ ಕೊಡ್ಲಿ, ದೊಡ್ಡೋರು ಬಾಯಿಗಿಟ್ಮೇಲೆ ನೀನು ಇಡು. ಮನೆ ಮರ್ಯಾದೆ ಕಳೀಬೇಡ."

ಅತ್ತೆ ಹೇಳದಿದ್ದರೂ ಅವಳಿಗೆ ಬೇರೆ ರೀತಿ ಗೊತ್ತಿರಲಿಲ್ಲ. ಮದುವೆಯಾದಾಗಿನಿಂದ ಅವಳ ಊಟವೆಂದರೆ ಎಲ್ಲರ ಕೈ ತೊಳೆದಾದ ಮೇಲಿನ ಊಟ. ಪಾತ್ರೆಯ ತಳ, ಆರಿದ ಸಾರು. ಅದೊಂದು ದುಃಖ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಅಲ್ಲಿ ಕಲಿಸುವವರು ಅರವತ್ತು ದಾಟಿದ ಹೆಂಗಸು. ಕಾಲಕ್ಕ ಮನಸ್ಸಿನಲ್ಲೇ ಅವರಿಗೆ ಗುರುವಮ್ಮ ಎಂದು ಹೆಸರಿಟ್ಟಳು. ಉಳಿಯುವುದಕ್ಕೂ ಅವರ ಮನೆಯೇ. ಹಗಲು ಕಾರ್ಯಾಗಾರದಲ್ಲಿ ನೋಡಿ ಕಲಿಯುವುದು, ಸಂಜೆ ಬೇಗನೆ ಊಟ ಮುಗಿಸಿ ಮನೆಯ ಹಿಂದಿನ ಕೋಣೆಯಲ್ಲಿ ಬಟ್ಟಲಿನ ಪ್ಲಾಸ್ಟರ್ ಅಚ್ಚನ್ನು ಅರದಿಂದ ಉಜ್ಜುತ್ತಾ ಕೈ ಪಳಗಿಸಿಕೊಳ್ಳುವುದು ಅಲ್ಲಿನ ಪದ್ಧತಿ. ಹಿಂದೆ ಬಂದವರೆಲ್ಲ ನಿಜವಾಗಿ ಕಲಿತದ್ದು ಆ ಕೋಣೆಯಲ್ಲೇ ಎಂದು ಕಾರ್ಯಾಗಾರದವರು ಹೇಳುತ್ತಿದ್ದರು. ಕಾಲಕ್ಕನಿಗೆ ಮಾತ್ರ ಆ ಬಾಗಿಲು ತೆರೆಯಲೇ ಇಲ್ಲ. ಊಟದ ಮೇಜಿನಲ್ಲೇ ಎಲ್ಲ ಕೆಡುತ್ತಿತ್ತು.

ಮೇಜಿನ ಒಂದು ಕಡೆ ಗುರುವಮ್ಮ, ಇನ್ನೊಂದು ಕಡೆ ಅವರ ಯಜಮಾನರು, ನಡುವೆ ಇವಳು. ತರಕಾರಿ ಬೇಯಿಸಿದ ಗಂಜಿಯಂಥ ಸಾರು ಹಬೆಯಾಡುತ್ತಿರುತ್ತಿತ್ತು. ಇಬ್ಬರೂ ಇವಳ ಮುಖ ನೋಡುವರು. ಹಿರಿಯರು ಕೈ ಹಚ್ಚಲಿ ಎಂದು ಇವಳು ತಟ್ಟೆ ನೋಡುವಳು. ಹಬೆ ಸಣ್ಣಗಾಗಿ, ಸಾರಿನ ಮೇಲೆ ಕೆನೆಯಂತೆ ಪದರ ಕಟ್ಟುವುದು. ಕೊನೆಗೆ ಗುರುವಮ್ಮ ಮುಖ ಸಪ್ಪಗೆ ಮಾಡಿಕೊಂಡು ಒಂದು ಚಮಚ ಬಾಯಿಗಿಡುವರು, ಆಮೇಲೆ ಇವಳು. ಊಟವಾದದ್ದೇ ಅವರು ಎದ್ದು ತಮ್ಮ ಕೋಣೆ ಸೇರುವರು. ದಿನಕ್ಕೊಂದು ಅಡುಗೆ ಬದಲಾಯಿತು. ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು. ಗುರುವಮ್ಮನ ಹುಬ್ಬಿನ ಗಂಟು ಮಾತ್ರ ಬಿಚ್ಚಲಿಲ್ಲ.

ನಾನು ಇವರಿಗೆ ಭಾರವಾಗಿದ್ದೇನೆ, ಎಂದುಕೊಂಡಳು ಕಾಲಕ್ಕ. ಕೇಳೋಣವೆಂದರೆ ಅವಳ ಇಂಗ್ಲಿಷ್ ಅಷ್ಟಕ್ಕಷ್ಟೇ, ಅವರದು ಅದಕ್ಕಿಂತ ಒಂದು ಕೈ ಕಡಿಮೆ. ಅಚ್ಚು, ಅರ, ಅಳತೆಪಟ್ಟಿ ಇದ್ದಾಗ ಬೆರಳುಗಳೇ ಮಾತಾಡುತ್ತಿದ್ದವು. ಬೇಸರವನ್ನು ಬೆರಳಲ್ಲಿ ಕೇಳುವುದು ಹೇಗೆ?

ಅವಳ ಆಸ್ಪತ್ರೆಯಿಂದಲೇ ಇನ್ನೊಬ್ಬಳು ಬಂದಿದ್ದಳು. ಹೊಸ ಕಾಲಿನವರಿಗೆ ನಡಿಗೆ ಕಲಿಸುವ, ಕಾಲಕ್ಕ ಕಸರತ್ತಿನ ಹುಡುಗಿ ಎಂದು ರೇಗಿಸುತ್ತಿದ್ದ ಕಿರಿಯಳು. ಹಾಸ್ಟೆಲಿನಲ್ಲಿದ್ದಳು. ಒಂದು ಮಧ್ಯಾಹ್ನ ಅವಳು ಕಾರ್ಯಾಗಾರಕ್ಕೆ ಬಂದು ಕಾಲಕ್ಕನನ್ನು ಪಕ್ಕಕ್ಕೆ ಕರೆದಳು.

"ಅಕ್ಕಾ, ಅವರ ಮನೇಲಿ ಏನ್ ಮಾಡ್ಕೊಂಡ್ರಿ? ನಿಮ್ಮನ್ನ ಹಾಸ್ಟೆಲ್‌ಗೆ ಕಳಿಸ್ತಾರಂತೆ, ಹಾಸ್ಟೆಲ್‌ನೋರೇ ಹೇಳಿದ್ರು."

ಹಾಸ್ಟೆಲ್ ಎಂದರೆ ಹಿಂದಿನ ಕೋಣೆಯ ಆಸೆ ಮುಗಿಯಿತು. ಬಟ್ಟಲು ಕಲಿಯದೆ ಬರಿಗೈಯಲ್ಲಿ ಊರಿಗೆ.

"ನಾನೇನ್ ಮಾಡಿದ್ನೇ? ಬಗ್ಗಿದ ತಲೆ ಎತ್ತಿಲ್ಲ."

"ಅದೇ ಆಗಿರೋದು. ಅವರ ಅಡುಗೆ ನಿಮಗೆ ಸೇರ್ತಿಲ್ವಂತೆ. ಏನ್ ಮಾಡಿಟ್ರೂ ನೀವಾಗಿ ಮುಟ್ಟಲ್ವಂತೆ. ಪಾಪ ಆಯಮ್ಮ ಕಣ್ಣಲ್ಲಿ ನೀರು ಹಾಕ್ಕೊಂಡು, ಹಾಸ್ಟೆಲ್‌ನಲ್ಲಾದ್ರೂ ಹೊಟ್ಟೆ ತುಂಬ ಉಣ್ಲಿ ಅಂದ್ರಂತೆ."

"ಅಯ್ಯೋ, ಅವರು ಶುರು ಮಾಡ್ಲಿ ಅಂತ ಕಾಯ್ತಿದ್ದೆ ಕಣೇ. ದೊಡ್ಡೋರಲ್ವಾ."

ಹುಡುಗಿ ಹಣೆ ಚಚ್ಚಿಕೊಂಡಳು. "ಅವರ ಮನೇಲಿ ಹೊರಗಿಂದ ಬಂದೋರು ಮೊದಲ ತುತ್ತು ಇಡೋವರೆಗೂ ಯಾರೂ ಕೈ ಹಚ್ಚಲ್ವಂತೆ. ಇಡ್ಲಿಲ್ಲ ಅಂದ್ರೆ ಬೇಡ ಅಂದಂಗೆ. ನೀವು ಅವರನ್ನ ಕಾಯೋದು, ಅವರು ನಿಮ್ಮನ್ನ ಕಾಯೋದು. ಸಾರು ಪಾಪ ಯಾರನ್ನ ಕಾಯ್ಬೇಕು?"

ಕಾಲಕ್ಕನಿಗೆ ನಗು ಬರಲಿಲ್ಲ. ಬೆಳಿಗ್ಗೆಯಷ್ಟೇ ಕಂಡದ್ದು ನೆನಪಾಯಿತು. ಒಬ್ಬ ಮುದುಕನಿಗೆ ಹೊಸ ಕಾಲು ತೊಡಿಸಿ ಗುರುವಮ್ಮ ಕೈ ಹಿಂದೆ ಕಟ್ಟಿ ನಿಂತಿದ್ದರು. ಇವಳಾಗಿದ್ದರೆ "ಸರಿಯಾಗಿದೆ, ನಡೀರಿ ತಾತ" ಎಂದು ಬೆನ್ನು ತಟ್ಟುತ್ತಿದ್ದಳು. ಗುರುವಮ್ಮ ತುಟಿಪಿಟಕ್ಕೆನ್ನದೆ, ಅವನಾಗಿ ಹೆಜ್ಜೆ ಇಟ್ಟು, ಅವನಾಗಿ ಬಾಯಿ ಬಿಡುವವರೆಗೆ ಕಾದರು. ಮೇಜಿನ ಮುಂದೆ ತನ್ನನ್ನು ನೋಡುತ್ತಿದ್ದದ್ದೂ ಅದೇ ಕಣ್ಣು.

"ಈಗ್ಲೇ ಹೇಳಿಬರ್ಲಾ?" ಎಂದಳು ಹುಡುಗಿ.

"ಬೇಡ. ಇವತ್ತು ಊಟ ಅಲ್ಲೇ ಇದ್ಯಲ್ಲ. ನಾನೇ ಹೇಳ್ತೀನಿ."

ಸಂಜೆ ಸಾರು ಬಂತು. ಬಾಗಿಲ ಬಳಿ ಇವಳ ಪೆಟ್ಟಿಗೆಯನ್ನು ಯಜಮಾನರು ಆಗಲೇ ತಂದು ಒರೆಸಿ ಇಟ್ಟಿದ್ದರು. ಕಾಲಕ್ಕ ಚಮಚ ಹಿಡಿದಳು, ಕೈ ಏಳಲಿಲ್ಲ. ಇಬ್ಬರು ಹಿರಿಯರನ್ನು ಎದುರಿಗೆ ಕೂರಿಸಿಕೊಂಡು ತಾನು ಮೊದಲು ತಿನ್ನುವುದೇ? ಅತ್ತೆ ಹೆಗಲ ಮೇಲೆ ಕೂತು ನೋಡುತ್ತಿದ್ದಂತೆನಿಸಿತು. ಕಣ್ಣು ಮುಚ್ಚಿ, ಔಷಧಿ ಕುಡಿಯುವ ಮಗುವಿನಂತೆ ಬಾಯಿಗೆ ಸುರಿದುಕೊಂಡಳು.

ನಾಲಿಗೆ ಚುರ್ರೆಂದಿತು. ಇಷ್ಟು ಬಿಸಿಯಾದ ಊಟವನ್ನು ಕೊನೆಯ ಸಲ ಉಂಡದ್ದು ಯಾವಾಗ? ತವರಿನಲ್ಲಿ, ಅಮ್ಮ ಒಲೆಯ ಮುಂದೆ ಕೂರಿಸಿಕೊಂಡು ಬಡಿಸುತ್ತಿದ್ದಾಗ ಇರಬೇಕು. ಕಣ್ಣಲ್ಲಿ ನೀರಾಡಿತು. ಯಜಮಾನರು ಗಾಬರಿಯಾಗಿ ನೀರಿನ ಲೋಟ ಮುಂದೆ ನೂಕಿದರು. ಅವಳು ತಲೆಯಾಡಿಸಿ ಇನ್ನೊಂದು ಚಮಚ, ಮತ್ತೊಂದು ಚಮಚ ಉಂಡಳು. ಆಮೇಲೆ ಅವರಿಬ್ಬರನ್ನೂ ತೋರಿಸಿ, ತನ್ನನ್ನು ತೋರಿಸಿ, ಕೈ ಕಟ್ಟಿ ತಲೆ ತಗ್ಗಿಸಿ, ತನ್ನ ಮನೆಯಲ್ಲಿ ಕಾಯುವ ರೀತಿಯನ್ನು ನಟಿಸಿದಳು. ಗುರುವಮ್ಮ ಮೊದಲು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಅರ್ಥವಾದದ್ದೇ ಮೇಜು ಹಿಡಿದುಕೊಂಡು ನಕ್ಕರು. ನಗುತ್ತಲೇ ಸೆರಗಿಲ್ಲದ ಆ ಹೆಂಗಸು ತೋಳಿನಿಂದ ಕಣ್ಣೊರೆಸಿಕೊಂಡರು. ಊಟ ಮುಗಿಯುವ ಮುಂಚೆಯೇ ಯಜಮಾನರು ಪೆಟ್ಟಿಗೆಯನ್ನು ಒಳಗೆ ಕೊಂಡೊಯ್ದರು. ಗುರುವಮ್ಮ ಬೀಗದ ಕೈ ತಂದು ಹಿಂದಿನ ಕೋಣೆಯ ಬಾಗಿಲು ತೆರೆದರು.

ಅಲ್ಲಿ ಅವಳ ಕೈಯ ಮೇಲೆ ಕೈಯಿಟ್ಟು ಅವರು ಕಲಿಸಿದ್ದನ್ನು ಈಗ ಊರಿನಲ್ಲಿ ಕಾಲಕ್ಕ ಇಬ್ಬರಿಗೆ ಕಲಿಸುತ್ತಿದ್ದಾಳೆ. ಅಟ್ಟದಿಂದ ಇಳಿದು ಬಂದ ಕಾಲುಗಳಿಗೆ ಹೊಸ ಬಟ್ಟಲು ಕೂರಿಸಿ, ಕೈ ಹಿಂದೆ ಕಟ್ಟಿ ಕಾಯುತ್ತಾಳೆ. "ಇಲ್ಲಿ ಸ್ವಲ್ಪ ಒತ್ತುತ್ತೆ ಅಕ್ಕಾ" ಎಂದರೆ ಸಂತೋಷದಿಂದ ಅರ ಹಿಡಿಯುತ್ತಾಳೆ.

ವಾಪಸು ಬಂದ ದಿನ ಮನೆಯಲ್ಲಿ ಅವಳು ಅತ್ತೆಗೂ ತನಗೂ ಒಟ್ಟಿಗೆ ಬಡಿಸಿಕೊಂಡು ಕೂತಳು. ಗಂಡ, ಮಗಳು ಬೇಕಾದ್ದನ್ನು ತಾವೇ ಹಾಕಿಕೊಂಡರು. ಕಾಲಕ್ಕ ತಟ್ಟೆಗೆ ಕೈ ಹಚ್ಚದೆ ತಮ್ಮನ್ನೇ ನೋಡುತ್ತಿದ್ದದ್ದನ್ನು ಅತ್ತೆ ಕಂಡರು.

"ಏನೇ ಹಿಂಗೆ ನೋಡ್ತೀಯ? ನಾನೇನು ದೇವ್ರಾ, ನೈವೇದ್ಯ ಇಟ್ಕೊಂಡು ಕೂರೋಕೆ?"

"ನೀವು ಬಾಯಿಗಿಡಿ ಅತ್ತೆ. ಆಮೇಲೆ ನಾನು."

ಸೊಸೆ ಬರುವ ಮುಂಚೆ ಎಷ್ಟೋ ವರ್ಷ ಈ ಮನೆಯಲ್ಲಿ ಕೊನೆಗೆ ಉಂಡವರು ಅತ್ತೆ. ಆ ಜಾಗವನ್ನೇ ಸೊಸೆಗೆ ಬಿಟ್ಟುಕೊಟ್ಟ ಮೇಲೂ ಮಗ, ಮೊಮ್ಮಗಳ ಊಟವಾಗದೆ ಕೂರುತ್ತಿರಲಿಲ್ಲ. ಅವರು ಗೊಣಗುತ್ತಾ ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ಅಗಿಯುವುದನ್ನೇ ಮರೆತು ಕೂತರು.

"ಬಿಸಿ ಇದೆ," ಎಂದರು.