ಮುಚ್ಚಳದ ಮೇಲಿನ ಭಾರ

ಮನೆದೀಪಗಳಿಗೆ ಗ್ಯಾಸ್ ತೊಟ್ಟಿ ಕೂರಿಸಿಕೊಡುವ ಮೇಸ್ತ್ರಿ ಬೆಳಗಿನಿಂದ ಮನೆಮನೆ ಅಲೆದು ಮಾಡಿದ್ದು ಒಂದೇ ಕೆಲಸ: ತೊಟ್ಟಿಯ ಮುಚ್ಚಳದ ಮೇಲಿಂದ ಭಾರ ಇಳಿಸುವುದು. ತೊಟ್ಟಿಯೊಳಗೆ ಕಾರ್ಬೈಡ್ ಕಲ್ಲಿನ ಮೇಲೆ ನೀರು ತೊಟ್ಟಿಕ್ಕಿ ಗ್ಯಾಸ್ ಹುಟ್ಟುತ್ತದೆ. ಗ್ಯಾಸ್ ಹೆಚ್ಚಾದರೆ ಮುಚ್ಚಳ ತಾನೇ ಮೇಲೆದ್ದು ನೀರನ್ನು ನಿಲ್ಲಿಸುತ್ತದೆ. ಮನೆ ಹಾರಿಹೋಗದೆ ಉಳಿಯುವುದು ಅದರಿಂದಲೇ. ಆದರೆ ಮುಚ್ಚಳ ಅದುಮಿಟ್ಟರೆ ದೀಪ ಜೋರಾಗಿ ಉರಿಯುತ್ತದೆಂದು ಈ ಹೆಂಗಸರ ಕಿವಿಯಲ್ಲಿ ಯಾವ ಪುಣ್ಯಾತ್ಮ ಊದಿದನೋ. ಒಂದು ಮನೆಯಲ್ಲಿ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ ಬಟ್ಟೆ ಒಗೆಯುವ ಕಲ್ಲು. ಹೇಳಿ ಹೇಳಿ ಅವನ ಬಾಯಿ ಸೋತಿತ್ತು.

ಸಂಜೆ ಕಾಲೆಳೆದುಕೊಂಡು ಬಂದರೆ ತನ್ನದೇ ಅಡುಗೆಮನೆ ಹಗಲಿನಂತೆ ಬೆಳಗುತ್ತಿತ್ತು. ಹಿತ್ತಿಲಿಗೆ ಓಡಿದ. ತೊಟ್ಟಿಯ ಮೇಲೆ ಸುತ್ತಿಗೆ, ಇಕ್ಕಳ ತುಂಬಿದ ಅವನದೇ ಹಳೆಯ ಪೆಟ್ಟಿಗೆ ಕೂತಿತ್ತು.

"ನಿನಗೂ ಇದನ್ನ ಯಾರೇ ಹೇಳಿಕೊಟ್ಟಿದ್ದು?" ಎಂದು ಅಲ್ಲಿಂದಲೇ ಕೂಗಿದ.

"ಇನ್ಯಾರು? ತೊಟ್ಟಿ ಕೂರಿಸೋವಾಗ, ಭಾರ ಇಟ್ರೆ ಬೆಳಕು ಜಾಸ್ತಿ ಬರುತ್ತೆ, ಆದ್ರೂ ಇಡಬೇಡಿ ಅಂತ ಮನೆಮನೆಗೂ ಹೇಳಿ ಬಂದೋರು ನೀವೇ ಅಲ್ವಾ?" ಎಂದಳು ಹೆಂಡತಿ, ಒಲೆಯಿಂದ ಮುಖವೆತ್ತದೆ. "ಅಲ್ಲೀವರೆಗೂ ಯಾರಿಗೆ ಗೊತ್ತಿತ್ತು."

ಮೇಸ್ತ್ರಿ ಪೆಟ್ಟಿಗೆ ಕೆಳಗಿಳಿಸಿ, ಅದರ ಮೇಲೇ ಕುಸಿದು ಕೂತ.