ಮೊದಲ ರಜೆ ಅತ್ತಿಗೆಗೆ

“ಚಪ್ಪಲಿ ಆಚೆ ಬಿಡ್ರೇ, ದರಿದ್ರದವೇ. ಇದೇನು ನಿಮ್ಮಪ್ಪನ ಬಚ್ಚಲಾ?”

ಮ್ಯಾನೇಜರ್ ಬಾಗಿಲಿಗೆ ಅಡ್ಡ ನಿಂತು ಕೂಗಿದ. ನಾವು ಆರು ಜನ ಹೆಂಗಸರು ಜಮಖಾನದ ಅಂಚಿನಲ್ಲೇ ನಿಂತುಬಿಟ್ಟೆವು. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದು ಕೊಡುವ ಕಾರ್ಖಾನೆ ನಮ್ಮದು. ಬಿಸಿ ಹಬೆಯಲ್ಲಿ ನಿಂತು ಅದನ್ನೆಲ್ಲ ಇಸ್ತ್ರಿ ಮಾಡಿ ಮಡಚುವವರು ನಾವು. ಮಹಡಿಯ ಮೇಲಿನ ಈ ತಣ್ಣನೆಯ ಕೋಣೆಗೆ ಕಸ ಗುಡಿಸುವುದಕ್ಕೂ ನಮ್ಮನ್ನು ಕರೆದವರಿರಲಿಲ್ಲ.

“ಇವನ ಜಮಖಾನಕ್ಕೆ ಬೆಂಕಿ ಹಾಕ. ಕರ್ದೋನೂ ಇವನೇ, ಬೈಯೋನೂ ಇವನೇ,” ಎಂದು ಹಬೆಯಕ್ಕ ನನ್ನ ಕಿವಿಯಲ್ಲಿ ಗೊಣಗಿದಳು. ಇಸ್ತ್ರಿ ಯಂತ್ರ ಅವಳದು. ಅವಳ ಮಾತು ಯಾವಾಗಲೂ ಹಬೆಯ ಒಳಗಿಂದಲೇ ಕೇಳಿ ಬರುವುದರಿಂದ ಆ ಹೆಸರು. ನಮ್ಮಲ್ಲಿ ಯಾರಿಗೆ ಏನಾದರೂ ಮ್ಯಾನೇಜರ್ ಹತ್ತಿರ ಬಾಯಿ ಬಿಡುತ್ತಿದ್ದವಳು ಅವಳೊಬ್ಬಳೇ.

ಒಳಗೆ ಕುರ್ಚಿಗಳನ್ನು ದುಂಡಗೆ ಇಟ್ಟಿದ್ದರು. ತರಬೇತಿ ಕೊಡಲು ಬಂದ ಹುಡುಗನದು ಮೆದು ದನಿ. ಕೈಮುಗಿದೇ ಮಾತಿಗೆ ಶುರುವಿಟ್ಟ. “ಇವತ್ತು ಇಲ್ಲಿ ಮೇಲಿನವರು, ಕೆಳಗಿನವರು ಅಂತ ಯಾರೂ ಇಲ್ಲ. ನೀವೆಲ್ಲರೂ ಲೀಡರ್‌ಗಳೇ. ದುಂಡಗೆ ಕೂತರೆ ಮುಂದೆ ಯಾರು ಹಿಂದೆ ಯಾರು ಅನ್ನೋದೇ ಇರಲ್ಲ, ಅಲ್ವಾ?”

ಮ್ಯಾನೇಜರ್ ಮಾತ್ರ ಆ ದುಂಡಿನೊಳಗೆ ಕೂರಲಿಲ್ಲ. ಗೋಡೆ ಪಕ್ಕದ ಸೋಫಾದಲ್ಲಿ ಕಾಲು ಚಾಚಿ ಫೋನು ಒತ್ತುತ್ತಿದ್ದ.

ನನ್ನ ಪಕ್ಕದಲ್ಲಿ ಅತ್ತಿಗೆ ಬಲಗೈಯನ್ನು ಎಡಗೈಯಡಿ ಮುಚ್ಚಿಟ್ಟುಕೊಂಡು ಕೂತಿದ್ದಳು. ಹೋದ ತಿಂಗಳು ಆ ಕೈ ಇಸ್ತ್ರಿ ಯಂತ್ರಕ್ಕೆ ಸಿಕ್ಕಿ ಸುಟ್ಟಿತ್ತು. ಅಜಾಗರೂಕತೆ ಅವಳದೇ ಎಂದು ಆಫೀಸಿನವರು ಕೈ ತೊಳೆದುಕೊಂಡರು. ಅಲ್ಲಿಂದ ಅವಳ ಕೆಲಸ ನಿಧಾನ. ಮ್ಯಾನೇಜರ್ ಬೆನ್ನು ತಿರುಗಿಸಿದಾಗಲೆಲ್ಲ ಅವಳ ಗುಡ್ಡೆಯಿಂದ ಒಂದಿಷ್ಟು ನನ್ನ ಮೇಜಿಗೆ ಎಳೆದುಕೊಳ್ಳುತ್ತಿದ್ದೆ. ಅಣ್ಣ ಅನ್ನಿಸಿಕೊಂಡವನು ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದಾಗ ತವರಿಗೆ ಹೋಗದೆ ನನ್ನ ಜೊತೆ ಉಳಿದವಳು ಅವಳು. ಮನೆಯಲ್ಲಿ ದುಡಿಯುವ ಕೈಗಳೆಂದರೆ ನಮ್ಮಿಬ್ಬರವೇ.

“ಈಗ ಒಂದು ಸಮಸ್ಯೆ ಕೊಡ್ತೀನಿ,” ಎಂದ ಹುಡುಗ. “ಬಟ್ಟೆ ಮಡಚೋ ಯಂತ್ರ ಬರುತ್ತೆ ಅಂತಿಟ್ಕೊಳ್ಳಿ. ಆರು ಜನ ಇದ್ದೀರಿ, ಐದು ಜನ ಸಾಕು ಅಂತಿಟ್ಕೊಳ್ಳಿ. ಲೀಡರ್‌ಗಳಾಗಿ ನೀವೇನು ಮಾಡ್ತೀರಿ? ಹೊಸದಾಗಿ ಯೋಚಿಸಿ, ಒಟ್ಟಿಗೆ ಯೋಚಿಸಿ.”

ಅಂತಿಟ್ಟುಕೊಳ್ಳುವುದೇನು ಬಂತು. ಆ ಯಂತ್ರ ಆಗಲೇ ಬಂದು ಅಂಗಳದಲ್ಲಿ ಟಾರ್ಪಾಲು ಹೊದ್ದು ಕೂತಿತ್ತು. ಅದನ್ನು ಹಾದೇ ನಾವು ಮಹಡಿ ಹತ್ತಿದ್ದು. ಎಲ್ಲರ ಕಣ್ಣೂ ಒಮ್ಮೆ ಅತ್ತಿಗೆಯ ಕೈ ಮೇಲೆ ಹೋಗಿ, ಸುಟ್ಟಂತಾಗಿ ಹಿಂದೆ ಬಂದವು. ಅವಳು ತಲೆ ಎತ್ತಲಿಲ್ಲ.

ಹಬೆಯಕ್ಕನೇ ಕೊನೆಗೆ ಗಂಟಲು ಸರಿಮಾಡಿಕೊಂಡಳು. “ಯಾರೂ ಹೋಗೋದು ಬೇಡ. ದಿನಕ್ಕೊಬ್ಬಳು ಮನೇಲಿರ್ಲಿ. ವಾರದಲ್ಲಿ ಕೆಲಸದ ದಿನ ಆರು, ನಾವೂ ಆರು. ದಿನಾ ಲೆಕ್ಕಕ್ಕೆ ಐದೇ ಜನ ಆಯ್ತಲ್ಲ.”

“ಒಂದಿನದ ಕೂಲಿ ಹೋಗುತ್ತಲ್ಲೇ,” ಎಂದಳು ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿ. “ನನ್ನ ಮಾತ್ರೆಗೇ ಸಾಲಲ್ಲ ಈಗ ಬರೋದು.”

“ಎಲ್ರಿಗೂ ಹೋಗುತ್ತೆ ಕಣಜ್ಜಿ. ಒಬ್ಳಿಗೇ ಪೂರ್ತಿ ಹೋಗೋದಕ್ಕಿಂತ ಇದು ವಾಸಿ ಅಲ್ವಾ?”

ಅಜ್ಜಿ ಬೆರಳು ಮಡಚಿ ಕೂಲಿಯ ಲೆಕ್ಕ ಹಾಕಿದಳು. ಆಮೇಲೆ, “ಆಯ್ತು ಬಿಡು. ಮೊದಲು ಇವಳು ಇರ್ಲಿ ಮನೇಲಿ. ಕೈಗೆ ಸ್ವಲ್ಪ ಆರಾಮ ಸಿಗ್ಲಿ,” ಎಂದು ಅತ್ತಿಗೆಯ ಕಡೆ ಗಲ್ಲ ತೋರಿಸಿದಳು. ಎಲ್ಲರೂ ಹೂಂಗುಟ್ಟಿದರು. ಎರಡನೆಯದು ಹಬೆಯಕ್ಕನದು, ಮೂರನೆಯದು ನನ್ನದು, ಹೀಗೆ ಸರದಿ ಹಾಕಿಕೊಂಡೆವು. ಅತ್ತಿಗೆ ಮೂಗೊರೆಸಿಕೊಂಡಳು. ನಾವು ಆರೂ ಜನ ಒಟ್ಟಿಗೆ ಕೂತು ಏನಾದರೂ ಒಂದನ್ನು ನಿರ್ಧರಿಸಿದ್ದು ಅದೇ ಮೊದಲು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಹುಡುಗನಂತೂ ಕುಣಿಯುವುದೊಂದು ಬಾಕಿ. “ಇದೇ ಲೀಡರ್‌ಶಿಪ್ ಅಂದ್ರೆ,” ಎಂದು ನಮ್ಮನ್ನೆಲ್ಲ ನಿಲ್ಲಿಸಿ ಫೋಟೋ ತೆಗೆದ. ಅತ್ತಿಗೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಳು.

ಹಬೆಯಕ್ಕ ಸೋಫಾದ ಹತ್ತಿರ ಹೋದಳು. “ಹಂಗಾದ್ರೆ ನಾಳೆಯಿಂದ್ಲೇ ಶುರು ಮಾಡೋದಾ ಸಾರ್?”

ಮ್ಯಾನೇಜರ್ ಫೋನಿನಿಂದ ಕಣ್ಣೆತ್ತಿದ. ಅತ್ತಿಗೆಯನ್ನೊಮ್ಮೆ ನೋಡಿದ. “ನನ್ನೇನು ಕೇಳ್ತೀರಮ್ಮ? ಈಗ ನೀವೇ ಲೀಡರ್‌ಗಳು. ನಿಮ್ಮ ತೀರ್ಮಾನ ನಿಮ್ದು,” ಎಂದ.

ಅವನ ಬಾಯಲ್ಲಿ ಅಮ್ಮ ಅನ್ನಿಸಿಕೊಂಡಿದ್ದೇ ನಮಗೆ ದೊಡ್ಡದಾಯಿತು. ಮೆಟ್ಟಿಲಿಳಿಯುವಾಗ ಅಜ್ಜಿ ಕೂಡ ನಗುತ್ತಿದ್ದಳು.

ಮರುದಿನ ಅತ್ತಿಗೆಯನ್ನು ಎಬ್ಬಿಸದೆ ನಾನೊಬ್ಬಳೇ ಕೆಲಸಕ್ಕೆ ಹೋದೆ.

ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರ್ ಹಬೆ ಕೋಣೆಗೆ ಬಂದ. ಮೂಗಿಗೆ ಕರ್ಚೀಫು ಹಿಡಿದು ತಲೆ ಎಣಿಸಿದ. “ಇನ್ನೊಬ್ಬಳೆಲ್ಲಿ ಸತ್ತಳು?”

“ಇವತ್ತು ಅವಳ ಸರದಿ ಸಾರ್,” ಎಂದಳು ಹಬೆಯಕ್ಕ. “ನಿನ್ನೆ ಆಯ್ತಲ್ಲ ತೀರ್ಮಾನ.”

“ಅದು ಆಟ ಕಣ್ರೇ. ಆಟ. ಅಂತಿಟ್ಕೊಳ್ಳಿ ಅಂದಿದ್ದು ಕೇಳಿಸ್ಲಿಲ್ವಾ ನಿಮ್ಮ ಕಿವಿಗೆ? ಇಟ್ಕೊಳ್ರಿ ಅಂದ್ರೆ ಮನೆಗೇ ತಗೊಂಡ್ ಹೋಗಿದೀರಾ.” ಅವನ ಮುಖದಲ್ಲಿ ಸಿಟ್ಟೇ ಇರಲಿಲ್ಲ. “ಹೇಳದೆ ಕೇಳದೆ ಬಿಟ್ಟೋಳಿಗೆ ಇಲ್ಲಿ ಕೆಲಸ ಇಲ್ಲ. ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು. ಯಾರನ್ನ ಕಳ್ಸೋದು ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ. ನೀವೇ ದುಂಡಗೆ ಕೂತು ಆರಿಸ್ಕೊಟ್ರಿ.”

“ಸಾರ್, ನಮ್ಮತ್ತಿಗೆನ ಈಗ್ಲೇ ಓಡಿಹೋಗಿ ಕರ್ಕೊಂಡು ಬರ್ತೀನಿ. ಒಂದರ್ಧ ಗಂಟೆ ಸಾರ್.” ನಾನು ಅವನ ಕಾಲಿನ ಹತ್ತಿರ ಬಗ್ಗಿದ್ದೆ. ಅವನು ಬೂಟು ಹಿಂದಕ್ಕೆಳೆದುಕೊಂಡ.

“ಅವಳ ಮೇಜು ಆಚೆ ಹಾಕಿ. ಅಲ್ಲಿ ಯಂತ್ರ ಕೂರ್ಬೇಕು.”

ಆ ಮೇಜನ್ನು ಹೊತ್ತವರೂ ನಾವೇ. ಒಂದು ಕಡೆ ನಾನು, ಇನ್ನೊಂದು ಕಡೆ ಅಜ್ಜಿ. ನನಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ನಂಬಿದ್ದಕ್ಕೆ ನಾಚಿಕೆ. ಅಂಗಳದಲ್ಲಿ ಮೇಜಿಳಿಸಿ ಒಳಗೆ ಬಂದಾಗ ಹಬೆಯಕ್ಕ ಇಸ್ತ್ರಿ ಯಂತ್ರ ನಿಲ್ಲಿಸಿ ನಿಂತಿದ್ದಳು. ಹಬೆ ಇಲ್ಲದ ಅವಳ ಮುಖ ಬೇರೆ ಯಾರದೋ ಎನಿಸಿತು.

“ನಾಳೆ ನನ್ನ ಸರದಿ. ನಾನು ಬರಲ್ಲ.”

“ಬರ್ಬೇಡ. ನಿನ್ನ ಜಾಗಕ್ಕೆ ಗೇಟಿನ ಹತ್ರ ಎಷ್ಟು ಜನ ಕೂತಿದಾರೆ ಗೊತ್ತಾ?” ಎಂದ ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್.

“ಕೂತಿರ್ಲಿ ಬೋಳಿಮಗನೇ. ತೀರ್ಮಾನ ಅಂದ್ರೆ ತೀರ್ಮಾನ.”

ಅವಳು ನಮ್ಮ ಕಡೆ ತಿರುಗಿದಳು. ಅಜ್ಜಿ ಬಟ್ಟೆಯ ಅಂಚು ಹುಡುಕುತ್ತಿದ್ದಳು. ಇನ್ನಿಬ್ಬರು ಆಗಲೇ ಮಡಚಲು ಶುರು ಮಾಡಿದ್ದರು. ನಾನೂ ತಲೆ ತಗ್ಗಿಸಿದೆ.

ಮನೆಗೆ ಬಂದಾಗ ಅತ್ತಿಗೆ ಅಡುಗೆ ಮುಗಿಸಿ ಬಾಗಿಲಲ್ಲೇ ಕೂತಿದ್ದಳು. ಮುಖ ಅರಳಿತ್ತು. “ಎಷ್ಟು ವರ್ಷ ಆಗಿತ್ತೋ ಕಣೇ, ಹಗಲಲ್ಲಿ ಹಿಂಗೆ ಮಲಗಿ. ಎದ್ದಾಗ ಎಲ್ಲಿದ್ದೀನಿ ಅಂತಾನೇ ಗೊತ್ತಾಗ್ಲಿಲ್ಲ.” ಸುಟ್ಟ ಬೆರಳುಗಳನ್ನು ಮೆಲ್ಲಗೆ ಮಡಚಿ, ಬಿಚ್ಚಿ ತೋರಿಸಿದಳು. “ನೋಡು, ಒಂದಿನಕ್ಕೇ ಎಷ್ಟು ಸಲೀಸಾಗಿದೆ.”

ಕೈಕಾಲು ತೊಳೆದು ಬಂದು ಕೂತೆ. ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಅವಳು ಎಡಗೈಯಲ್ಲಿ ಬಡಿಸಿದಳು.

“ನಾಳೆ ಹಬೆಯಕ್ಕಂದಲ್ವಾ?”

“ಹೂಂ. ಬರಲ್ಲ ಅವಳು.”

“ಮಲಗ್ಲಿ ಪಾಪ, ಚೆನ್ನಾಗಿ ಮಲಗ್ಲಿ.” ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. “ನಾಡಿದ್ದು ನಿಂದು. ಬೆಳಗ್ಗೆ ಏಳೋಕೇ ಹೋಗ್ಬೇಡ ನೀನು. ನಾನೊಬ್ಳೇ ಹೋಗ್ತೀನಿ ಕೆಲಸಕ್ಕೆ.”

ನಾನು ತಟ್ಟೆಯಿಂದ ಕಣ್ಣೆತ್ತದೆ ಹೂಂ ಅಂದೆ.