ಹಾರ್ಮೋನಿಯಂ ಮೇಲಿನ ಹಲ್ಲಿನ ಗುರುತು

ಕಾಪುವಿನ ಭಜನಾ ಮಂದಿರದ ಹಾರ್ಮೋನಿಯಂ ಮೇಲೆ ಹಲ್ಲಿನ ಗುರುತು ಬಿದ್ದಿರುವುದನ್ನು ಮೊದಲು ಕಂಡವರು ಅರ್ಚಕ ಸರ್ವೋತ್ತಮ ಭಟ್ಟರು. ಅದು ೧೯೭೯ರ ಮಳೆಗಾಲ. ಇಲಿಯೆಂದುಕೊಂಡು ಪಾಷಾಣ ತರಿಸಿಟ್ಟರು. ಮರುವಾರ ಭಜನೆಯ ನಡುವೆ ಕಣ್ಣು ತೆರೆದು ನೋಡಿದರೆ, ಪೆಟ್ಟಿಗೆಯ ಅಂಚನ್ನು ಕಚ್ಚಿ ಹಿಡಿದು ನುಡಿಸುತ್ತಿದ್ದವರು ಮಧ್ವರಾಜ ಮಾಸ್ತರರು!

ಮಾಸ್ತರರಿಗೆ ಕಿವಿ ಹೋಗಿ ಮೂರು ವರ್ಷವಾಗಿತ್ತು. ಮಣಿಪಾಲದ ಡಾಕ್ಟರು, "ನರ ಸರಿ ಉಂಟು, ಕಿವಿಯೊಳಗಿನ ಸಣ್ಣ ಮೂಳೆ ಬಿಗಿದುಕೊಂಡಿದೆ" ಎಂದು ಚೀಟಿಯಲ್ಲಿ ಬರೆದು ತೋರಿಸಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರಿಗೆ ಅಷ್ಟು ಸುಳಿವು ಸಾಕು. ಬಡಿದರೆ ನಾದ ಹೊಮ್ಮುವ ಶ್ರುತಿಕವೆಯ ಬುಡವನ್ನು ಮೇಜಿಗೆ ತಾಗಿಸಿ, ಮೇಜೇ ಹಾಡುವುದನ್ನು ಎಷ್ಟು ತರಗತಿಗಳಿಗೆ ತೋರಿಸಿರಲಿಲ್ಲ! ಕಿವಿಯ ಬಾಗಿಲು ಮುಚ್ಚಿದರೆ ದವಡೆಯ ಹಿಂಬಾಗಿಲು ಉಂಟಲ್ಲ ಎಂದು ಒಂದು ದಿನ ಹಾರ್ಮೋನಿಯಂ ಕಚ್ಚಿಯೇ ನೋಡಿದರು. ತಲೆಯೊಳಗೆ ಷಡ್ಜ ಎದ್ದು ನಿಂತಿತು. ಅಷ್ಟು ಕಾಲ ಬರೀ ಬೆರಳಿನ ರೂಢಿಯಿಂದ ನುಡಿಸಿದ್ದ ಮಾಸ್ತರರು ಅಂದು ಅತ್ತರು, ಕಚ್ಚಿದ್ದನ್ನು ಬಿಡದೆಯೇ.

ಆದರೆ ಅದು ದೇವರ ಮುಂದಿನ ಪೆಟ್ಟಿಗೆ. ಎಂಜಲಿನ ಪ್ರಶ್ನೆ ಎದ್ದು ಸಮಿತಿಯ ಸಭೆ ಸೇರಿತು. ಮಾಸ್ತರರ ಹೆಂಡತಿ ಸುಭಾಷಿಣಿ ಪಕ್ಕದಲ್ಲಿ ಕುಳಿತು, ಆಡಿದ ಮಾತನ್ನೆಲ್ಲ ಸ್ಲೇಟಿನಲ್ಲಿ ಬರೆಯುತ್ತಾ, ಸೆರಗಿನಲ್ಲಿ ಒರೆಸುತ್ತಾ ಹೋದಳು.

"ನಿಮ್ಮ ಮೇಲೆ ಗೌರವ ಉಂಟು ಮಾಸ್ತರ್ರೇ," ಎಂದರು ಅಧ್ಯಕ್ಷ ಜನಾರ್ದನ. "ಇನ್ನು ಮುಂದೆ ತಾಳ ಹಾಕಿ, ಸಾಕು."

ತಾಳ ಹಾಕುವುದೆಂದರೆ ಎರಡನೆಯ ಸಲ ಕಿವುಡನಾಗುವುದು. ಮಾಸ್ತರರು ಕೆರಳಿದರು. "ಶಂಖ ಊದುವುದು ಮೂಗಿನಲ್ಲಾ ಭಟ್ರೇ? ಕೃಷ್ಣನ ಕೊಳಲು ಎಂಜಲಲ್ಲವಾ?"

"ಊದುವುದು ಬೇರೆ, ಕಚ್ಚುವುದು ಬೇರೆ. ಕೃಷ್ಣ ಕೊಳಲು ಕಚ್ಚಿದ್ದು ಎಲ್ಲಿಯೂ ಇಲ್ಲ," ಎಂದರು ಭಟ್ಟರು.

"ಮಣ್ಣು ತಿಂದದ್ದು ಉಂಟಲ್ವಾ?" ಎಂದ, ಭಜನೆ ಹಾಡುವ ತಾರಾನಾಥ.

"ನೀನು ಸುಮ್ಮನಿರು ಮಾರಾಯ!" ಎಂದು ಭಟ್ಟರು ಗದರಿದರು.

ಮಾಸ್ತರರು ಕೊನೆಯ ಉಪಾಯ ಮುಂದಿಟ್ಟರು. ಒಂದು ಮೊಳದ ಹಲಸಿನ ಕೋಲು. ಒಂದು ತುದಿ ಪೆಟ್ಟಿಗೆಗೆ, ಇನ್ನೊಂದು ಹಲ್ಲಿಗೆ.

"ನಾದ ಕೋಲಿನಲ್ಲಿ ಹರಿದು ಬರುತ್ತದೆ ಎನ್ನುತ್ತೀರಿ," ಎಂದರು ಜನಾರ್ದನ. "ಹಾಗಾದರೆ ಎಂಜಲು ಅದೇ ಕೋಲಿನಲ್ಲಿ ಹರಿದು ಹೋಗುವುದಿಲ್ಲವಾ?"

ಮಾಸ್ತರರು ಸ್ಲೇಟನ್ನು ಎರಡು ಸಲ ಓದಿದರು. ಮೂವತ್ತು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಎಂಜಲಿನ ವೇಗ ಯಾವ ಪುಸ್ತಕದಲ್ಲೂ ಇರಲಿಲ್ಲ.

ಕಣ್ಣು ಮುಚ್ಚಿ ಕುಳಿತಿದ್ದ ಭಟ್ಟರೇ ದಾರಿ ಕಂಡರು. "ಕೋಲಿನ ನಡುವಿಗೆ ದರ್ಭೆ ಸುತ್ತಿ. ಗ್ರಹಣದ ದಿನ ನೀರಿನ ಕೊಡಕ್ಕೆ, ಉಪ್ಪಿನಕಾಯಿ ಭರಣಿಗೆ ದರ್ಭೆ ಹಾಕುವುದಿಲ್ಲವಾ? ಗ್ರಹಣದ ಮೈಲಿಗೆ ತಡೆಯುವ ಹುಲ್ಲು ಮಾಸ್ತರ್ರ ಎಂಜಲು ತಡೆಯದಾ?"

"ನಾದವನ್ನೂ ತಡೆದುಬಿಟ್ಟರೆ?" ಎಂದರು ಮಾಸ್ತರರು.

"ಅದು ನಿಮ್ಮ ವಿಜ್ಞಾನ."

ಬೆಳ್ಮಣ್ಣಿನ ಬಡಗಿ ದೂಮಪ್ಪ ಕೋಲು ಕೆತ್ತಿಕೊಟ್ಟ. ಭಾನುವಾರ ಬೆಳಿಗ್ಗೆ ಸಮಿತಿಯ ಎದುರು ಭಟ್ಟರು ದರ್ಭೆಯನ್ನು ಏಳು ಸುತ್ತು ಸುತ್ತಿದರು. ಮಾಸ್ತರರು ಕೋಲು ಕಚ್ಚಿ ತಿದಿ ಒತ್ತಿದರು. ಷಡ್ಜ ಬಂತು, ಪಂಚಮ ಬಂತು. ಅವರು ತಲೆಯಾಡಿಸಿದ ರಭಸಕ್ಕೆ ಕೋಲು ಜಾರಿಯೇ ಬಿಟ್ಟಿತು. ಭಟ್ಟರು ಪೆಟ್ಟಿಗೆಯ ಕಡೆಯ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು: ಒಣ. ನಿರ್ಣಯ ಪುಸ್ತಕದಲ್ಲಿ ಬರೆದದ್ದು ಹೀಗೆ: 'ನಾದ ದಾಟಿತು. ಎಂಜಲು ದಾಟಲಿಲ್ಲ. ಮಾಸ್ತರರು ಮುಂದುವರಿಯತಕ್ಕದ್ದು.'

ಮಧ್ಯಾಹ್ನ ಮನೆಯಲ್ಲಿ ಸುಭಾಷಿಣಿ ಅನ್ನ ಬಡಿಸಿ, ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ದರ್ಭೆ ಬಿಚ್ಚಿ ಕಿಟಕಿಯ ಮೇಲಿಟ್ಟಳು. ಒಂದು ತುದಿಯನ್ನು ತಾನು ಕಚ್ಚಿ, ಇನ್ನೊಂದನ್ನು ಗಂಡನ ಬಾಯಿಗೆ ಹಿಡಿದಳು.

"ಕೇಳ್ತದಾ?"

ಮೂರು ವರ್ಷದ ಮೇಲೆ ಆ ಸ್ವರ, ಸ್ವಲ್ಪ ಚಪ್ಪಟೆಯಾಗಿ, ನೇರ ತಲೆಯ ನಡುವಿನಲ್ಲಿ. ಮಾಸ್ತರರು ಕಣ್ಣಿನಲ್ಲೇ ಹೂಂ ಎಂದರು.

"ತಾರಾನಾಥ ಶ್ರುತಿಯಲ್ಲಿ ಹಾಡುವುದೇ ಇಲ್ಲ. ಬರೆದರೆ ಸ್ಲೇಟು ಯಾರಾದರೂ ಓದಿಯಾರು ಎಂದು ಹೇಳಿರಲಿಲ್ಲ."

"ಅದು ಕಿವಿ ಇದ್ದಾಗಲೇ ಗೊತ್ತಿತ್ತು," ಎಂದರು ಮಾಸ್ತರರು, ಹಲ್ಲು ಕಚ್ಚಿಕೊಂಡೇ.

ಸ್ಲೇಟಿನಲ್ಲಿ ಬರೆಯಲಾಗದ ಮೂರು ವರ್ಷದ ಮಾತು ಇನ್ನೂ ಬಹಳ ಇತ್ತು. ಸಾರು ತಣಿಯಿತು. ಶನಿವಾರ ಭಜನೆಗೆ ಹೊರಡುವಾಗ ಅವಳು ನೆನಪಿನಿಂದ ದರ್ಭೆಯನ್ನು ಮತ್ತೆ ಕಟ್ಟಿದಳು, ಎಣಿಸಿ ಏಳು ಸುತ್ತು.